ಚಪ್ಪಾಳೆ ಬೀಳದ ಡೇರೆ

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಕೇದಗಿಪುರವೆಂಬ ರಾಜ್ಯವಿತ್ತು. ಅದರ ಹೊರಬಯಲಿನಲ್ಲಿ ಒಂದು ಬೆಳಗ್ಗೆ ಕಪ್ಪು ಡೇರೆಯೊಂದು ತಾನಾಗಿ ಎದ್ದು ನಿಂತಿತು. ಆಟ ನೋಡಲು ಒಳಹೊಕ್ಕವರು ಯಾರೂ ಹೊರಬರಲಿಲ್ಲ. ಒಳಗಿನಿಂದ ಮೃಗಗಳ ಕೂಗು ಮಾತ್ರ ದಿನದಿನಕ್ಕೆ ಹೆಚ್ಚಿತು.

ಹಗ್ಗದ ಮೇಲೆ ನಡೆಯುವ ಮಾಳವ್ವನ ಅಕ್ಕ ಸೋಬವ್ವನೂ ಹೋದವಳು ಬರಲಿಲ್ಲ. ತಂಗಿಗೆ ಆಟ ಕಲಿಸಿದವಳೇ ಅವಳು. "ಚಪ್ಪಾಳೆ ಬಿತ್ತೋ, ಕೈಯಲ್ಲಿರೋದನ್ನ ನೆಲಕ್ಕಿಟ್ಟು ಕೈ ಮುಗೀಬೇಕು ಕಣೇ. ಎಷ್ಟೇ ದೊಡ್ಡ ಆಟಗಾರನಾದ್ರೂ ಅಷ್ಟೇ" ಎಂದು ಹೇಳಿಕೊಟ್ಟಿದ್ದಳು.

ಮೂರನೆಯ ದಿನ ಮಾಳವ್ವ ಡೇರೆಗೆ ಹೋದಳು. ಬಾಗಿಲಲ್ಲಿ ಜಂಬುಕೇಶಿ ಎಂಬ ಮಾಂತ್ರಿಕ ಬೆಳ್ಳಿಯ ಚಾವಟಿ ಹಿಡಿದು ನಿಂತಿದ್ದ. ಅದರ ಏಟು ತಿಂದವರು ಮೃಗವಾಗುತ್ತಿದ್ದರು. ಅದು ಅವನ ಕೈಯಲ್ಲಿರುವವರೆಗೆ ಆ ಮೃಗಗಳು ಅವನ ಮಾತು ಮೀರುವಂತಿರಲಿಲ್ಲ.

"ನಮ್ಮಕ್ಕನ್ನ ಬಿಟ್ಟುಬಿಡಿ ಒಡೆಯಾ."

"ಬಿಡೋಣಂತೆ. ಮೂರು ಆಟ ಆಡು. ಒಂದು ಸಲ ಕಿರುಚಿದರೂ ನೀನೂ ನನ್ನವಳೇ."

ಮೊದಲನೆಯದು ತಿರುಗುವ ತೊಟ್ಟಿಲು. ಅದು ಮೋಡ ದಾಟಿ ಏರಿತು, ಪಾತಾಳಕ್ಕಿಳಿಯಿತು. ಅಕ್ಕಪಕ್ಕದ ತೊಟ್ಟಿಲುಗಳಲ್ಲಿ ಬರೀ ಬಟ್ಟೆಗಳು ಕೂತಿದ್ದವು. ಒಳಗೆ ಮನುಷ್ಯರಿರಲಿಲ್ಲ. ಮಾಳವ್ವ ಸೆರಗು ಕಚ್ಚಿ ಹಿಡಿದಳು. ಕಿರುಚಲಿಲ್ಲ.

ಎರಡನೆಯದು ಕನ್ನಡಿ ಮನೆ. ಒಂದು ಕನ್ನಡಿಯಲ್ಲಿ ಅವಳಿಗೆ ಕೊಂಬು, ಇನ್ನೊಂದರಲ್ಲಿ ಗರಿ. ಕೊನೆಯದರಲ್ಲಿ ಅವಳ ಮುಖವೇ ಇರಲಿಲ್ಲ. ಅದರೊಳಗಿಂದ ತಣ್ಣನೆಯ ಕೈಯೊಂದು ಚಾಚಿ ಜಡೆಯ ಕುಚ್ಚು ಹಿಡಿಯಿತು. ಮಾಳವ್ವ ಕುಚ್ಚು ಬಿಚ್ಚಿ ಆ ಕೈಗೇ ಬಿಟ್ಟಳು. ಕಿರುಚಲಿಲ್ಲ.

ಮೂರನೆಯದು ಹಗ್ಗ. ಕೋಲು ಹಿಡಿದು ನಡುವಿಗೆ ಬಂದಾಗ ಕಾಲಡಿಯ ಹಗ್ಗ ಉಸಿರಾಡಿತು. ಅದು ಹಾವು! ಕೆಳಗೆ ಹೆಣ್ಣುಹುಲಿಯೊಂದು ಬಾಯ್ತೆರೆದು ಕಾದಿತ್ತು. ಅದರ ಮೂಗಿನಲ್ಲಿ ಸೋಬವ್ವನ ಮೂಗುಬೊಟ್ಟು ಮಿನುಗಿತು. ಕೂಗು ಮಾಳವ್ವನ ಗಂಟಲಿಗೆ ಬಂದುಬಿಟ್ಟಿತು.

"ಹಸಿದ ಹುಲಿಗೆ ತಂಗಿಯ ಗುರುತು ಇರುತ್ತದೇನೇ?" ಜಂಬುಕೇಶಿ ಚಾವಟಿ ಬೀಸಿ ಆರ್ಭಟಿಸಿದ. "ನನ್ನಂಥ ಆಟಗಾರ ಏಳು ರಾಜ್ಯದಲ್ಲಿಲ್ಲ!"

ಮಾಳವ್ವ ಸುತ್ತ ನೋಡಿದಳು. ಸಾವಿರ ಆಸನಗಳು, ಎಲ್ಲ ಖಾಲಿ. ನೋಡಲು ಬಂದವರನ್ನೆಲ್ಲ ಮೃಗ ಮಾಡಿದವನಿಗೆ ಚಪ್ಪಾಳೆ ಹೊಡೆಯುವವರು ಯಾರು? ಅವಳು ಕೋಲನ್ನು ಕೈಬಿಟ್ಟಳು. ಹಾವಿನ ಮೇಲೆ ತೂಗಾಡುತ್ತಲೇ ಚಪ್ಪಾಳೆ ತಟ್ಟಿದಳು.

ಮಾಂತ್ರಿಕ ತಲೆಯೆತ್ತಿ ನೋಡಿದ. "ನನಗಾ?"

"ಮತ್ಯಾರಿಗೆ ಒಡೆಯಾ? ಎಂಥಾ ಆಟ!"

ಜಂಬುಕೇಶಿ ಚಾವಟಿಯನ್ನು ನೆಲಕ್ಕಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದ. ಅಷ್ಟು ಸಾಕಾಯಿತು. ಹುಲಿ ಎಗರಿ ಚಾವಟಿಯನ್ನು ಕಚ್ಚಿ ಮುರಿಯಿತು. ಬಗ್ಗಿದ ಮಾಂತ್ರಿಕ ಬಗ್ಗಿದಲ್ಲೇ ಬೂದಿಯಾದ. ಹಾವು ಹಗ್ಗವಾಯಿತು, ಮೃಗಗಳು ಮನುಷ್ಯರಾದವು.

ಕೆಳಗಿಳಿದ ತಂಗಿಯನ್ನು ಸೋಬವ್ವ ತಬ್ಬಿಕೊಂಡು ಬೈದಳು: "ಹಗ್ಗದ ಮೇಲೆ ಕೋಲು ಬಿಡ್ತಾರೇನೇ, ಕತ್ತೆ?"

ಆಮೇಲೆ ಕೇದಗಿಪುರದವರು ಆ ಬಯಲಲ್ಲಿ ವರ್ಷವರ್ಷವೂ ಆಟವಾಡಿಸಿ ನೆಮ್ಮದಿಯಿಂದ ಬಾಳಿದರು. ಎಂಥ ಕೆಟ್ಟ ಆಟವಾದರೂ ಚಪ್ಪಾಳೆ ಹೊಡೆಯದೆ ಒಬ್ಬರೂ ಮನೆಗೆ ಹೋಗುತ್ತಿರಲಿಲ್ಲ.