ಬಲಗಡೆಯ ಪದಕ

"ಪದಕ ಕಳುವಾಗೈತೆ ಶಿವರುದ್ರಕ್ಕ. ಆದ್ರೆ ಕೋಟಿನ ಮೇಲೆ ಪದಕ ಐತೆ."

ಬೆಳಗಿನ ಕಾಫಿ ಹೊತ್ತಿಗೆ ಓಡಿಬಂದು ಹೀಗೆ ಹೇಳಿದವಳು ಚೈತ್ರ, ನಮ್ಮ ಬೀದಿಯ ಸುಬೇದಾರ್ ಅಡವಯ್ಯನವರ ಸೊಸೆ. ಆ ಮಾತಿನ ತಲೆಬುಡ ನನಗೆ ತಿಳಿಯಲಿಲ್ಲ. ಶಿವರುದ್ರಮ್ಮ ಮಾತ್ರ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಮಧುಗಿರಿಯಲ್ಲಿ ನೆಲೆಸಿದ ಮೇಲೆ ಊರಿನ ಗೋಜಲುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಅವರ ಹಿಂದೆ ಪಕ್ಕದ ಮನೆಯ ನಾನು, ನಿವೃತ್ತ ಮೇಷ್ಟ್ರು ರೇಣುಕಪ್ರಸಾದ್. ನನ್ನ ಹೆಂಡತಿ ನನ್ನನ್ನು ಅವರ ಬಾಲಂಗೋಚಿ ಎನ್ನುತ್ತಾಳೆ, ಇರಲಿ.

ಅಂದು ಹನ್ನೊಂದು ಗಂಟೆಗೆ ಸುಬೇದಾರರಿಗೆ ಊರಿನ ಸನ್ಮಾನ. ಎಪ್ಪತ್ತೊಂದರ ಯುದ್ಧದಲ್ಲಿ ಗುಂಡೇಟು ತಿಂದೂ ಕಾವಲು ಬಿಡದೆ ಸೇನಾ ಪದಕ ಪಡೆದವರು ಅವರು. ಹೊಸ ಗ್ರಂಥಾಲಯಕ್ಕೆ ಅವರದೇ ಹೆಸರು. ನಮ್ಮ ಬೀದಿಯವರೊಬ್ಬರ ಹೆಸರು ಕಲ್ಲಿನ ಮೇಲೆ ಬರುತ್ತದೆಂದು ನಾನು ವಾರದಿಂದ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಗುಂಡೇಟು ನನಗೇ ಬಿದ್ದಿತ್ತೇನೋ ಅನ್ನುವ ಹಾಗೆ.

ಪಡಸಾಲೆಯ ಗೂಟಕ್ಕೆ ಇಸ್ತ್ರಿಯಾದ ಕೋಟು ತೂಗುಹಾಕಿತ್ತು. ಅದರ ಎದೆಯ ಬಲಗಡೆಗೆ ಪದಕ ಸಿಗಿಸಿತ್ತು. ಪದಕದ ಪಟ್ಟಿ ಹೊಸದರಂತೆ ಗರಿಗರಿಯಾಗಿತ್ತು. ಮಂಚದ ಮೇಲೆ ಸುಬೇದಾರರು ಬನಿಯನ್ನಿನಲ್ಲೇ ಕುಳಿತಿದ್ದರು.

"ಇದು ನಂದಲ್ಲ," ಎಂದರು. "ಕಣ್ಣು ಮಂಜಾದ್ರೂ ಬೆರಳಿಗೆ ಗೊತ್ತಾಗ್ತೈತೆ. ನನ್ನ ಪಟ್ಟಿ ನೂಲು ಎದ್ದು ಸವೆದೋಗಿತ್ತು. ಯಾರೋ ಅಸಲಿ ಎತ್ಕಂಡು ನಕಲಿ ಸಿಗಿಸವ್ರೆ. ಎಡ ಬಲ ಗೊತ್ತಿಲ್ದಿರೋ ಕಳ್ಳ. ನಕಲಿ ಹಾಕ್ಕಂಡು ನಾನು ಜನದ ಮುಂದೆ ನಿಲ್ಲಾಕಿಲ್ಲ."

ಅವರ ನೋಟ ಮೂಲೆಯಲ್ಲಿ ನಿಂತಿದ್ದ ಬಸವೇಶನ ಮೇಲಿತ್ತು. ಬಸವೇಶ ಅವರ ತಮ್ಮನ ಮಗ, ಶಿರಾದಲ್ಲಿ ಕಡಲೆಕಾಯಿ ವ್ಯಾಪಾರಿ. ಅಸಲಿ ಪದಕ ಮನೆಯಲ್ಲಿ ಜೋಪಾನವಾಗಿರಲಿ, ಗ್ರಂಥಾಲಯದ ಗಾಜಿನ ಪೆಟ್ಟಿಗೆಗೆ ಒಂದು ನಕಲು ಮಾಡಿಸೋಣ ಎಂದು ಹೋದ ತಿಂಗಳು ಹೇಳಿದ್ದವನು ಅವನೇ. ರಾತ್ರಿ ಈ ಪಡಸಾಲೆಯಲ್ಲಿ ಮಲಗಿದ್ದವನೂ ಅವನೇ.

"ಲೇ ಬಸವೇಶ, ಒಪ್ಕಂಡ್‌ಬುಡು. ಇಲ್ಲಾಂದ್ರೆ ಇನ್ಮೇಲೆ ಈ ಹೊಸಿಲು ತುಳಿಬ್ಯಾಡ."

"ನಾನು ಮುಟ್ಟಿಲ್ಲ ದೊಡ್ಡಪ್ಪ," ಎಂದ ಬಸವೇಶ. "ನಿಮ್ಮ ಪದಕ ನೋಡ್ಕಂಡೇ ಬೆಳೆದೋನು ನಾನು."

ನನಗಂತೂ ಅವನ ಮೇಲೇ ಅನುಮಾನ. ಅಸಲು ನಕಲಿನ ಮಾತೆತ್ತಿದವನು ಅವನೊಬ್ಬನೇ ತಾನೆ? ಶಿವರುದ್ರಮ್ಮ ನನ್ನ ಮುಖ ನೋಡಿ, "ಮೇಷ್ಟ್ರು ಆಗಲೇ ತೀರ್ಪು ಬರೆದಾಗಿದೆ," ಎಂದು ಚೈತ್ರಳತ್ತ ತಿರುಗಿದರು.

"ಸಂಜೆ ಪದಕ ಸಿಗಿಸಿದ್ದು ಯಾರಮ್ಮ?"

"ನಾನೇ. ಮಲಗೋ ಮುಂಚೆ ಮಾವ ಮುಟ್ಟಿ ನೋಡಿದ್ರು. ಆಗ ಸರಿಯಾಗೇ ಇತ್ತು."

"ಮನೇಲಿ ಇನ್ಯಾರಿದ್ರು?"

"ನಮ್ಮೆಜಮಾನ್ರು ಶಾಮಿಯಾನದ ಹತ್ರನೇ ಉಳ್ಕಂಡಿದ್ರು. ನಾವು ಮೂವರು, ಮತ್ತೆ ನಾಗಲಮಡಿಕೆಯಿಂದ ಬಂದಿರೋ ರಾಜಲಕ್ಷ್ಮಮ್ಮತ್ತೆ. ಅವರು ಮುಂಜಾನೆನೇ ದಂಡಿನ ಮಾರಮ್ಮನ ಗುಡಿಗೆ ಹೋದ್ರು. ಈ ರಂಪ ಅವರಿಗಿನ್ನೂ ಗೊತ್ತಿಲ್ಲ."

ರಾಜಲಕ್ಷ್ಮಮ್ಮ ಸಿಪಾಯಿ ರಂಗಸ್ವಾಮಿಯ ಹೆಂಡತಿ. ಸುಬೇದಾರರ ಪಕ್ಕದಲ್ಲೇ ಹೋರಾಡಿ ರಂಗಸ್ವಾಮಿ ಪ್ರಾಣ ಬಿಟ್ಟಿದ್ದರು. ಅವರಿಗೂ ಅದೇ ಪದಕ ಬಂದಿತ್ತು. ಅಂದಿನಿಂದ ಆಕೆ ಈ ಮನೆಯ ಹೆಣ್ಣುಮಗಳೇ ಆಗಿದ್ದರು. ಗೋಡೆಯ ಮೇಲೆ ಇಬ್ಬರು ಎಳೆಯ ಸಿಪಾಯಿಗಳ ಫೋಟೊ ಇತ್ತು. ಅದರ ಕೆಳಗೆ, ಪಾವಗಡದ ಸ್ವಾತಂತ್ರ್ಯ ದಿನದ ಧ್ವಜಾರೋಹಣದಲ್ಲಿ ಗಂಡನ ಪದಕ ತೊಟ್ಟು ನಿಂತ ರಾಜಲಕ್ಷ್ಮಮ್ಮನವರ ಫೋಟೊ. ವರ್ಷಕ್ಕೊಮ್ಮೆ ಅಂದು ಮಾತ್ರ ಆ ಪದಕ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತಂತೆ. ಶಿವರುದ್ರಮ್ಮ ಆ ಫೋಟೊದ ಮುಂದೆ ಬಹಳ ಹೊತ್ತು ನಿಂತರು. ನಾನೂ ನೋಡಿದೆ. ಗಟ್ಟಿ ಮುಖದ ಹೆಂಗಸು ಎಂಬುದಷ್ಟೇ ನನಗೆ ಕಂಡಿತು.

ಆಮೇಲೆ ಶಿವರುದ್ರಮ್ಮ ಕೋಟಿನಿಂದ ಪದಕ ಬಿಚ್ಚಿ, ನನ್ನ ಕನ್ನಡಕ ಇಸಿದುಕೊಂಡು ಅದರ ಅಂಚನ್ನು ತಿರುಗಿಸಿ ನೋಡಿದರು. ಪದಕವನ್ನು ಚೈತ್ರಳ ಕೈಗಿತ್ತು, "ಸಿಗಿಸಮ್ಮ," ಎಂದರು. ಅವಳು ಎಡಗಡೆಗೆ ಸಿಗಿಸಿದಳು. ಬಿಚ್ಚಿ ಬಸವೇಶನಿಗೆ ಕೊಟ್ಟರು. ಅವನ ಕೈಯೂ ನೇರವಾಗಿ ಎಡಗಡೆಗೇ ಹೋಯಿತು. ಉತ್ಸಾಹ ತಡೆಯದೆ ನಾನೂ ಕೈ ಚಾಚಿದೆ.

"ನಿಮ್ಮನ್ನ ಯಾರು ಕೇಳಿದ್ರು ಮೇಷ್ಟ್ರೇ?" ಎಂದು ನನ್ನ ಕೈ ತಳ್ಳಿದರು.

ಅಷ್ಟರಲ್ಲಿ ರಾಜಲಕ್ಷ್ಮಮ್ಮ ಹೆಗಲಿಗೆ ಚೀಲ ಹಾಕಿಕೊಂಡು, ಕುಂಕುಮದ ಪೊಟ್ಟಣ ಹಿಡಿದು ಒಳಗೆ ಬಂದರು. ಶಿವರುದ್ರಮ್ಮ ಎಲ್ಲರನ್ನೂ ಕೂರಿಸಿದರು.

"ಸುಬೇದಾರ್ರೇ, ಇದು ನಕಲಿಯಲ್ಲ, ಅಪ್ಪಟ ಸೇನಾ ಪದಕ. ನಕಲು ಮಾಡಿಸಿದವನು ಅಸಲಿ ಇದ್ದ ಜಾಗಕ್ಕೇ ಅದನ್ನ ಸಿಗಿಸ್ತಾನೆ, ಯಾರಿಗೂ ಅನುಮಾನ ಬರಬಾರದು ಅಂತ. ಈ ಮನೆಯವರಿಗೆ ಆ ಜಾಗ ಎಡಗಡೆ. ಚೈತ್ರ, ಬಸವೇಶ ಇಬ್ಬರ ಕೈಯೂ ಯೋಚನೆ ಮಾಡದೆ ಅಲ್ಲಿಗೇ ಹೋಯ್ತು. ಬಲಗಡೆಗೆ ಯಾರ ಕೈ ಹೋಗುತ್ತೆ? ಸೈನ್ಯದ ಪದ್ಧತಿ ನಿಮಗೇ ಗೊತ್ತು. ಪದಕ ಗೆದ್ದವನು ಎಡಗಡೆ ತೊಡ್ತಾನೆ. ಅವನು ತೀರಿಕೊಂಡ ಮೇಲೆ ಮನೆಯವರು ಬಲಗಡೆ ತೊಡ್ತಾರೆ. ಆ ಫೋಟೊ ನೋಡಿ."

ಈಗ ನನಗೂ ಕಂಡಿತು. ಫೋಟೊದಲ್ಲಿ ಪದಕ ಆಕೆಯ ಎದೆಯ ಬಲಗಡೆ ಇತ್ತು.

"ಐವತ್ತು ವರ್ಷದಿಂದ ಒಂದೇ ಕಡೆ ಸಿಗಿಸಿದ ಕೈ. ಕತ್ತಲಲ್ಲಿ ಆ ಕೈ ತನ್ನ ಅಭ್ಯಾಸದಂತೆ ನಡೆದುಕೊಂಡಿತು. ಪಟ್ಟಿ ಹೊಸದಾಗಿ ಕಾಣೋದು ಯಾಕೆ? ವರ್ಷಕ್ಕೊಂದೇ ಸಲ ಹೊರಗೆ ಬರೋ ಪದಕ ಇದು. ಕೊನೆಗೆ ಖಾತ್ರಿ ಮಾಡ್ಕೊಳ್ಳೋಕೆ ಅಂಚು ನೋಡಿದೆ. ಅಲ್ಲಿ ಕೆತ್ತಿರೋದು ರಂಗಸ್ವಾಮಿಯವರ ಹೆಸರು. ನಿಮ್ಮ ಪದಕ ರಾಜಲಕ್ಷ್ಮಮ್ಮನವರ ಚೀಲದಲ್ಲಿ ಭದ್ರವಾಗಿರಬೇಕು."

ರಾಜಲಕ್ಷ್ಮಮ್ಮ ಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಸವೆದ ಪಟ್ಟಿಯ ಪದಕ ಅದರಲ್ಲಿತ್ತು.

"ತಪ್ಪಾಯ್ತು ಅಣ್ಣ. ಮಾ ಇಂಟಾಯನ್ನ, ನಮ್ಮ ಮನೆಯವರನ್ನ, ಯಾವ ಊರೂ ವೇದಿಕೆಗೆ ಕರೀಲಿಲ್ಲ. ನಿನ್ನ ಎದೆ ಮೇಲೆ ಕುಂತು ಆಯಪ್ಪನೂ ಒಂದು ದಿನ ಚಪ್ಪಾಳೆ ಕೇಳ್ಲಿ ಅಂತ ಆಸೆಬಿದ್ದೆ. ಕೇಳಿದ್ರೆ ನೀನು ಇನ್ನೊಬ್ರ ಪದಕ ಹಾಕ್ಕಳಾಕಿಲ್ಲ ಅಂತ ಗೊತ್ತು. ಸಂಜೆಗೆ ಅದಲು ಬದಲು ಮಾಡಾನ ಅಂದ್ಕಂಡಿದ್ದೆ. ಈ ಹುಡುಗನ ತಲೆ ಮೇಲೆ ಬರ್ತೈತೆ ಅಂತ ಅನ್ಕಂಡಿರ್ಲಿಲ್ಲ."

ಸುಬೇದಾರರು ಎದ್ದು ಮೊದಲು ಬಸವೇಶನ ಹೆಗಲು ಹಿಡಿದರು. "ಹೊಸಿಲಿನ ಮಾತು ವಾಪಸ್ ತಗಂಡೆ ಕಣ್ಲಾ. ಸಿಟ್ಟಲ್ಲಿ ಮುದುಕ ಕುರುಡಾಗ್‌ಬುಟ್ಟೆ." ಬಸವೇಶ ತಲೆಯಾಡಿಸಿದ. ಅವನ ಮೇಲೆ ಅನುಮಾನ ಪಟ್ಟ ನನಗೆ ನೆಲ ನೋಡುವುದೇ ಹಿತವೆನಿಸಿತು.

"ಚೈತ್ರ, ಎರಡೂ ಸಿಗಿಸಮ್ಮ. ನಂದು ಎಡಕ್ಕೆ. ರಂಗಸ್ವಾಮೀದು ಬಲಕ್ಕೆ. ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ."

"ಬಲಕ್ಕೆ ಮನೆಯವರು ಮಾತ್ರ ಹಾಕ್ಕಳ್ಳೋದಂತಲ್ಲ ಮಾವ?"

"ಅವನಿಗೆ ನಾನ್ಯಾರಮ್ಮ ಮತ್ತೆ?"

ರಾಜಲಕ್ಷ್ಮಮ್ಮ ಚೈತ್ರಳ ಕೈಯಿಂದ ಪದಕ ತೆಗೆದುಕೊಂಡು ತಾವೇ ಸಿಗಿಸಿದರು.

ಸನ್ಮಾನದ ಹೊತ್ತಿಗೆ ಮೈದಾನ ತುಂಬಿತ್ತು. ಕೊರಟಗೆರೆ, ಶಿರಾ, ಪಾವಗಡಗಳಿಂದಲೂ ಮಾಜಿ ಸೈನಿಕರು ಬಂದಿದ್ದರು. ಸುಬೇದಾರರು ರಾಜಲಕ್ಷ್ಮಮ್ಮನವರ ಕೈ ಹಿಡಿದೇ ವೇದಿಕೆ ಹತ್ತಿದರು. ಶಾಲು ಹೊದಿಸಲು ಬಂದವರನ್ನು ತಡೆದು ಮೈಕಿನ ಮುಂದೆ ನೆಟ್ಟಗೆ ನಿಂತರು. ಹಾಜರಿ ಕರೆದಾಗ ಕೂಗುವ ಗಂಟಲಿನಲ್ಲಿ ಹೇಳಿದರು:

"ಸಿಪಾಯಿ ರಂಗಸ್ವಾಮಿ, ನಾಗಲಮಡಿಕೆ, ಹಾಜರ್."

ಆಮೇಲೆ ತಮ್ಮ ಹೆಸರು ಹೇಳಿದರು. ಮುಂದಿನ ಸಾಲಿನ ಮಾಜಿ ಸೈನಿಕರು ಒಟ್ಟಿಗೆ ಎದ್ದು ಸೆಲ್ಯೂಟ್ ಹೊಡೆದರು. ಹಿಂದೆಯೇ ಇಡೀ ಮೈದಾನ ಎದ್ದು ನಿಂತಿತು. ಶಿವರುದ್ರಮ್ಮ ಕೈ ಚಾಚಿ ಮತ್ತೆ ನನ್ನ ಕನ್ನಡಕ ಕೇಳಿದರು. ಅದು ಒದ್ದೆಯಾಗಿತ್ತು, ಕೊಡಲಿಲ್ಲ.