ಗುರುವಾರದ ಸೇವಂತಿಗೆ

ಆ ಕ್ರೆಡಿಟ್ ಕಾರ್ಡ್ ನಮ್ರತಾಳಿಗೆ ಹೇಳಿ ಮಾಡಿಸಿದ್ದು, ತನ್ನಂಥವಳಿಗಲ್ಲ ಎಂದು ತೀರ್ಮಾನ ಕೊಟ್ಟವಳು ಅವಳ ಗೆಳತಿ ಶಾಲಿನಿಯೇ. ಹೊಟ್ಟೆ ಉರಿಯದೆ ಇರುತ್ತದೆಯೇ?

ಎರಡು ವರ್ಷದ ಹಿಂದೆ ಜಪಾನಿನ ಕೋಟೋದ ಇಪ್ಪತ್ತೇಳನೇ ಮಹಡಿಯ ಮನೆಯಲ್ಲಿ ನಮ್ರತಾ ಒಂದು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದಿದ್ದಳು. ಒಳಗಿದ್ದದ್ದು ಆ ಮನೆಯ ಒಂದು ವರ್ಷದ ರಶೀದಿಗಳು. ಈ ಊರಲ್ಲಿ ಒಂದು ಲೋಟ ಕಾಫಿಗೂ ರಶೀದಿ ಕೊಡುತ್ತಾರೆ, ಅವಳು ಒಂದನ್ನೂ ಎಸೆದವಳಲ್ಲ. ಗಂಡ ಪ್ರದೀಪನಿಗೆ ಬ್ಯಾಂಕಿನವರು ಪ್ರೀಮಿಯಂ ಕಾರ್ಡ್ ತಗೊಳ್ಳಿ ಎಂದು ಹಿಂದೆ ಬಿದ್ದಿದ್ದರು. ವರ್ಷಕ್ಕೆ ಅಷ್ಟೊಂದು ಶುಲ್ಕ ಕಟ್ಟುವಂಥ ಖರ್ಚು ನಮ್ಮದಿದೆಯಾ, ನೋಡಿ ಹೇಳು ಎಂದಳು ನಮ್ರತಾ. ಶಾಲಿನಿ ಇಡೀ ಮಧ್ಯಾಹ್ನ ಕೂತು ವಾರದ ಯಾವ ದಿನ, ಯಾವ ಅಂಗಡಿ, ಏನು ಎಂದು ಪಟ್ಟಿ ಮಾಡಿದಳು. ಬೆಳಿಗ್ಗೆ ಹತ್ತಕ್ಕೆ ಕೊಂಬಿನಿಯ, ಅಂದರೆ ಹಗಲೂ ರಾತ್ರಿ ತೆರೆದಿರುವ ಬೀದಿಯ ಅಂಗಡಿಯ ಕಾಫಿ, ಜೊತೆಗೆ ಮೊಟ್ಟೆಯ ಸ್ಯಾಂಡ್‌ವಿಚ್. ಮಂಗಳವಾರ ಹಣ್ಣು. ಗುರುವಾರ ಸ್ಟೇಷನ್ ಪಕ್ಕದ ಹೂವಿನಂಗಡಿಯಿಂದ ಸೇವಂತಿಗೆ. ಕಣ್ಣು ಮುಚ್ಚಿ ತಗೋ ಎಂದಳು.

ಅದೇ ಸಂಜೆ ಶಾಲಿನಿ ಸೂಪರ್‌ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಯ ಸ್ಟಿಕರ್ ಅಂಟಿಸುವವನ ಹಿಂದೆ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಗಂಡ ಪ್ರಶಾಂತ ವರ್ಷವರ್ಷವೂ ಕಾಂಟ್ರಾಕ್ಟ್‌ಗೆ ಕಾಯುವ ಸಂಶೋಧಕ. ಸಾಧಾರಣ ಕಾರ್ಡಿಗೆ ಹಾಕಿದ ಅರ್ಜಿಯೇ ಎರಡು ಸಲ ವಾಪಸ್ ಬಂದಿತ್ತು.

ನಮ್ರತಾ ಕಾರ್ಡ್ ತಾಗಿಸಿದಾಗಲೆಲ್ಲ ಅವಳ ಕೈಚೀಲದೊಳಗಿನ ಫೋನು ಠಿಣ್ ಎನ್ನುತ್ತಿತ್ತು. ಪೂಜೆಯ ಗಂಟೆಯ ಸದ್ದನ್ನೇ ಅದಕ್ಕೆ ಹಾಕಿಕೊಂಡಿದ್ದಳು. ದುಡ್ಡು ಹೋಗಿದ್ದಕ್ಕೆ ಮಂಗಳಾರತಿ ಕಣೇ ಎಂದು ನಗುವಳು.

ಈ ಫೆಬ್ರುವರಿಯಲ್ಲಿ ಆಸ್ಪತ್ರೆ ಸೇರುವಾಗ, ಮನೆಗೆ ತರಕಾರಿ ತಂದುಹಾಕು ಎಂದು ಅವಳು ತನ್ನ ಹೆಸರಿನ ಕಾರ್ಡನ್ನು ಶಾಲಿನಿಯ ಕೈಗಿಟ್ಟಳು. ಮೂರೇ ವಾರಕ್ಕೆ ತೀರಿಕೊಂಡಳು. ಹದಿಮೂರನೆಯ ದಿನ ಕೊಟ್ಟುಬಿಡೋಣ ಎಂದು ಶಾಲಿನಿ ಹೋದಳು. ಪ್ರದೀಪನ ಮುಖ ನೋಡಿ ಕಾರ್ಡನ್ನು ಚೀಲದಲ್ಲೇ ಇಟ್ಟುಕೊಂಡು ವಾಪಸ್ ಬಂದಳು. ಅವನೂ ಕೇಳಲಿಲ್ಲ.

ಆ ಕಾರ್ಡಿನಿಂದ ಮೊದಲ ಸಲ ಕೊಂಡದ್ದು ಬರೀ ಒಂದು ಕಾಫಿ. ಆ ರಾತ್ರಿ ನಿದ್ದೆ ಬರಲಿಲ್ಲ, ಬೆಳಗಾಗುವಷ್ಟರಲ್ಲಿ ಉಪಾಯ ತಯಾರಾಗಿತ್ತು. ಇದು ಗಂಡನ ಖಾತೆಗೆ ಸೇರಿದ ಕುಟುಂಬದ ಕಾರ್ಡು, ಅವನು ನಿಲ್ಲಿಸುವ ತನಕ ನಡೆಯುತ್ತದೆ. ಸ್ಟೇಟ್‌ಮೆಂಟ್ ತೆರೆದು ನೋಡುವ ಜಾಯಮಾನ ಅವನದಲ್ಲ ಎಂದು ನಮ್ರತಾಳೇ ದೂರುತ್ತಿದ್ದಳು. ತೆರೆದರೂ ಇಬ್ಬರ ಖರ್ಚೂ ಒಂದೇ ಪಟ್ಟಿಯಲ್ಲಿ ಕಾಣುತ್ತದೆ. ಕಳ್ಳರು ಸಿಕ್ಕಿಬೀಳುವುದು ಹೊಸ ಅಂಗಡಿಯಲ್ಲಿ, ಹೊಸ ವೇಳೆಯಲ್ಲಿ, ದುರಾಸೆಯಲ್ಲಿ. ಹಳೆಯ ಅಂಗಡಿಗಳೇ ಕಂಡರೆ ತಾನೇ ಹೋಗಿದ್ದೆನೇನೋ ಎಂದುಕೊಳ್ಳುತ್ತಾನೆ. ಹೆಂಡತಿ ಸತ್ತವನಿಗೆ ಯಾವ ದಿನದ ನೆನಪು ಸರಿಯಾಗಿರುತ್ತದೆ? ಇನ್ನು ಅವಳ ಫೋನು, ಅದು ಯಾವುದೋ ಡ್ರಾಯರಿನಲ್ಲಿ ಚಾರ್ಜ್ ಇಲ್ಲದೆ ಬಿದ್ದಿರುತ್ತದೆ.

ಸಿಕ್ಕಿಬಿದ್ದರೆ ಪೊಲೀಸರು, ಆಮೇಲೆ ವೀಸಾ ರದ್ದು, ಪ್ರಶಾಂತನ ಏಳು ವರ್ಷದ ಕೆಲಸ ಮಣ್ಣುಪಾಲು. ಅದು ಗೊತ್ತಿದ್ದೇ ಅವಳು ಪಟ್ಟಿಯನ್ನು ಗೆರೆ ದಾಟದೆ ಪಾಲಿಸಿದಳು. ಹತ್ತಕ್ಕೆ ಕಾಫಿ, ಸ್ಯಾಂಡ್‌ವಿಚ್. ಮಂಗಳವಾರ ಹಣ್ಣು. ಪಿನ್ ಕೇಳುವಷ್ಟು ದೊಡ್ಡ ಮೊತ್ತದ ತಂಟೆಗೇ ಹೋಗಲಿಲ್ಲ. ಮೇ ಹೊತ್ತಿಗೆ ಕೊಂಬಿನಿಯ ಹುಡುಗಿ ಅವಳನ್ನು ಕಂಡರೆ ಕಾಫಿಯ ಲೋಟ ಮೊದಲೇ ತೆಗೆದಿಡತೊಡಗಿದಳು.

ಕಷ್ಟವಾಗುತ್ತಿದ್ದದ್ದು ಕಾರ್ಡ್ ತಾಗಿಸಿದ ಮೇಲಿನ ಒಂದು ಕ್ಷಣ. ಅಲ್ಲಿ ಠಿಣ್ ಎನ್ನಬೇಕಿತ್ತು, ಎನ್ನುತ್ತಿರಲಿಲ್ಲ. ಎನ್ನದೆ ಇರುವುದನ್ನೇ ಶಾಲಿನಿ ಕಿವಿಗೊಟ್ಟು ಕೇಳುವಳು. ಮೊಟ್ಟೆಯ ಸ್ಯಾಂಡ್‌ವಿಚ್ ಅವಳಿಗೆ ಯಾವತ್ತೂ ಸೇರುತ್ತಿರಲಿಲ್ಲ. ಈಗ ಅದಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಪ್ರಶಾಂತ ತುತ್ತು ನಿಲ್ಲಿಸಿ ನೋಡಿದ.

"ಏನೇ, ನಮ್ರತಾ ಥರ ನಗ್ತೀಯಲ್ಲ?"

ಅವಳು ಎದ್ದು ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.

ಸೇವಂತಿಗೆಯೊಂದನ್ನು ಅವಳು ಆರು ತಿಂಗಳು ಮುಟ್ಟಿರಲಿಲ್ಲ. ಮನೆಗೆ ಹೂವು ಒಯ್ದರೆ ಪ್ರಶಾಂತ ಎಲ್ಲಿಂದ ಎಂದು ಕೇಳುತ್ತಾನಲ್ಲ. ಆದರೆ ಆಗಸ್ಟಿನ ಕೊನೆಯ ಹೊತ್ತಿಗೆ ನಮ್ರತಾ ಕನಸಿನಲ್ಲಿ ಬಂದು ಬಿಸ್ಕತ್ತಿನ ಡಬ್ಬಿ ಹುಡುಕತೊಡಗಿದಳು. ಶಾಲಿನಿಗೆ ತಡೆಯಲಾಗಲಿಲ್ಲ. ಹೂವು ಕೊಂಡು ಅವಳ ಫೋಟೋಗೆ ಇಟ್ಟು ಬರುತ್ತೇನೆ, ಆಮೇಲೆ ಕಾರ್ಡನ್ನು ಕತ್ತರಿಸಿ ಎಸೆಯುತ್ತೇನೆ, ಮುಗಿಯಿತು ಎಂದು ನಿರ್ಧರಿಸಿದಳು. ಕಾರ್ಡಿನಿಂದ ನಮ್ರತಾಳಿಗಾಗಿಯೇ ಕೊಳ್ಳುವುದು ಇದೊಂದು. ಆವತ್ತೂ ಪಟ್ಟಿ ತಪ್ಪಲಿಲ್ಲ. ಗುರುವಾರವೇ ಹೋದಳು.

ಸಂಜೆ ಆರಕ್ಕೆ ಅಂಗಡಿಯಲ್ಲಿ ಜನ ಇತ್ತು. ಅಂಗಡಿಯ ಹೆಂಗಸು ಹಳದಿ ಸೇವಂತಿಗೆಯನ್ನು ಕಾಗದದಲ್ಲಿ ಸುತ್ತುತ್ತ, ತೀರಿಕೊಂಡವರಿಗಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಇಲ್ಲಿಯವರಿಗೆ ಅದು ಸತ್ತವರ ಹೂವು. ಮುಡಿಯಲಿಕ್ಕೆ ಸೇವಂತಿಗೆ ಕೊಳ್ಳುವುದು ನಮ್ಮವರು ಮಾತ್ರ. ಶಾಲಿನಿ ಹೌದೆಂದು ತಲೆಯಾಡಿಸಿ ಕಾರ್ಡ್ ತಾಗಿಸಿದಳು. ಅಭ್ಯಾಸದಂತೆ ಕಿವಿಗೊಟ್ಟಳು.

ಠಿಣ್.

ಸದ್ದು ಅವಳ ಬೆನ್ನ ಹಿಂದೆಯೇ ಕೇಳಿತು. ತಿರುಗಿದರೆ ಸಾಲಿನಲ್ಲಿ ಮೂರನೆಯವನಾಗಿ ಪ್ರದೀಪ. ಒಂದು ಕೈಯಲ್ಲಿ ಸೇವಂತಿಗೆಯ ಗೊಂಚಲು, ಇನ್ನೊಂದರಲ್ಲಿ ನಮ್ರತಾಳ ಫೋನು, ಅದರ ಪರದೆ ಇನ್ನೂ ಬೆಳಗುತ್ತಿತ್ತು. ಅವನು ಫೋನನ್ನು ನೋಡಿದ, ಅವಳ ಕೈಯ ಕಾರ್ಡನ್ನು ನೋಡಿದ. ಶಾಲಿನಿಯ ಬಾಯಿಂದ ಕ್ಷಮಿಸಿ ಎನ್ನುವ ಇಲ್ಲಿಯವರ ಸುಮಿಮಾಸೆನ್ ಬಂತು, ಕನ್ನಡ ಬರಲಿಲ್ಲ. ಅವನು ಕೂಗಾಡಲಿಲ್ಲ. "ದಿನಾ ಹತ್ತು ಗಂಟೆಗೆ ಬೆಲ್ ಬರೋದು ಶಾಲಿನಿ ಅವರೇ," ಎಂದ. "ಅದೇ ಕೊಂಬಿನಿ, ಅದೇ ಟೈಮು. ಅವಳೇ ಎಲ್ಲೋ ಕಾಫಿ ಕುಡೀತಿದಾಳೆ ಅನ್ಕೊಂಡು ಫೋನ್ ಚಾರ್ಜ್ ಮಾಡಿ ಇಟ್ಕೊಂಡೆ. ಕಾರ್ಡ್ ಬ್ಲಾಕ್ ಮಾಡಕ್ಕೆ ಮನಸ್ಸೇ ಬರ್ಲಿಲ್ಲ." ಆಮೇಲೆ ಅವಳ ಕೈಯ ಹೂವನ್ನು ನೋಡಿದಾಗ ಅವನ ಮುಖದಲ್ಲಿ ಏನೋ ಆರಿಹೋಯಿತು. "ಆದ್ರೆ ಹೂವು ಅವಳು ಒಂದ್ಸಲಾನೂ ತಗೊಂಡಿಲ್ಲ. ನೀವು ಪಟ್ಟಿ ಮಾಡಿದ್ರಲ್ಲ, ಆ ಡಬ್ಬೀಲಿದ್ದ ಹೂವಿನ ರಶೀದಿಗಳು ನನ್ನವು. ಪ್ರತಿ ಗುರುವಾರ ಆಫೀಸಿಂದ ಬರ್ತಾ ಅವಳಿಗೆ ಸೇವಂತಿಗೆ ತರ್ತಿದ್ದದ್ದು ನಾನು."