ಅಸ್ಪ್ರಿ ಕೊರ್ಫಿಯ ನೆತ್ತಿಗಲ್ಲು

"ಆ ಕಲ್ಲು ಕೆಳಗಿಡು!"

ಮಂಜಿನೊಳಗಿಂದ ತೂರಿಬಂದ ದನಿಗೆ ಸಿಫಿಸ್ ಬೆಚ್ಚಿಬಿದ್ದ. ಆದರೂ ಎತ್ತಿದ ಕಲ್ಲನ್ನು ಎದೆಗವಚಿಕೊಂಡೇ ತಿರುಗಿದ.

ಎದುರಿಗೆ ಒಬ್ಬಳು ಹುಡುಗಿ. ಕಡಿದಾದ ದಾರಿ ಹತ್ತಿ ಬಂದು ಕೆನ್ನೆ ಕೆಂಪಾಗಿತ್ತು. ಕೈಯಲ್ಲಿ ಸುತ್ತಿಗೆ. ಕಣ್ಣಲ್ಲಿ ಬೆಂಕಿ!

"ಇಡಲ್ಲ ಅಂದ್ರೆ?"

"ಈ ಸುತ್ತಿಗೆ ಯಾವ ಕಲ್ಲಿಗೆ ಬೀಳುತ್ತೋ ಹೇಳೋಕಾಗಲ್ಲ. ನಿನ್ನ ತಲೆನೂ ಕಲ್ಲಿನ ಹಾಗೇ ಕಾಣ್ತಿದೆ."

ಸಿಫಿಸ್‌ಗೆ ನಗು ತಡೆಯಲಾಗಲಿಲ್ಲ. "ಮಾತು ಕೇಳಿದ್ರೇ ಗೊತ್ತಾಗುತ್ತೆ... ಪೆತ್ರೊಖೋರಿಯವಳು."

"ಕಳ್ಳತನ ನೋಡಿದ್ರೇ ಗೊತ್ತಾಗುತ್ತೆ... ಅಲೋನಿಯವನು!"

ಅಸ್ಪ್ರಿ ಕೊರ್ಫಿ ಶಿಖರದ ದಕ್ಷಿಣಕ್ಕೆ ಪೆತ್ರೊಖೋರಿ, ಉತ್ತರಕ್ಕೆ ಅಲೋನಿ. ತುದಿಯಲ್ಲಿ ಶಿಲುಬೆ ಗುಡಿ. ಶಿಖರ ಯಾರದು ಅಂತ ಎರಡೂ ಊರಿಗೂ ಮುತ್ತಾತಂದಿರ ಕಾಲದಿಂದ ಜಗಳ. ನಮ್ಮ ಕ್ರೀಟ್ ದ್ವೀಪದಲ್ಲಿ ಅಭಿಮಾನಕ್ಕೆ ಯಾವತ್ತೂ ಬರಗಾಲ ಬಂದಿಲ್ಲ, ಬಿಡಿ. ಆದರೆ ಆ ವರ್ಷದ ಹಿಮಕ್ಕೆ ಊರಿನ ಭೇದ ಗೊತ್ತಿರಲಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ್ದ ಗುಡಿಯ ಗುಮ್ಮಟ, ಹಿಮದ ಭಾರಕ್ಕೆ ಕುಸಿದುಬಿದ್ದಿತ್ತು.

ಆ ಗುಮ್ಮಟ ಕಟ್ಟಿದ್ದವರು ಪೆತ್ರೊಖೋರಿಯ ಮೇಸ್ತ್ರಿ ಕೊಸ್ಮಾಸ್. ಈ ಹುಡುಗಿ ಅರ್ಗಿರೋ ಅವರ ಒಬ್ಬಳೇ ಮಗಳು.

"ಇದು ನನ್ನಪ್ಪ ಕಟ್ಟಿದ್ದು," ಎಂದಳು. "ಅವರ ಸೊಂಟ ಮುರಿದಿದೆ, ಇಲ್ಲಿಗೆ ಹತ್ತೋಕಾಗಲ್ಲ. ಸೆಪ್ಟೆಂಬರಿನ ಶಿಲುಬೆ ಹಬ್ಬಕ್ಕೆ ಮುಂಚೆ ಇದು ಎದ್ದು ನಿಲ್ಲಬೇಕು. ನಾನೇ ನಿಲ್ಲಿಸ್ತೀನಿ."

"ಒಬ್ಬಳೇನಾ?"

"ಯಾಕೆ, ಎಣಿಸೋಕೆ ಬರಲ್ವಾ?"

ಸಿಫಿಸ್ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟ. "ನಾನು ಕದಿಯೋಕೆ ಬಂದಿಲ್ಲ. ನಾನೂ ಕಟ್ಟೋನೇ. ಬಿದ್ದಿದ್ದನ್ನ ನೋಡಿ ಮನಸ್ಸು ತಡೀಲಿಲ್ಲ..."

ಅವಳು ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ. ಸುಳ್ಳು ಹೇಳುವ ಕೈಯಲ್ಲ ಅನ್ನಿಸಿತು.

"ಸರಿ. ಆದರೆ ಮೇಸ್ತ್ರಿ ನಾನು!"

ಹಾಗೆ ಶುರುವಾಯಿತು.

ಬೇಸಿಗೆಯೆಲ್ಲ ಅವಳು ದಕ್ಷಿಣದಿಂದ ಹತ್ತಿದಳು, ಅವನು ಉತ್ತರದಿಂದ. ಅವಳು ಗೋಡೆಯ ಮೇಲೆ ಕೂತು ಕಲ್ಲಿನ ಮುಖ ನೋಡಿ ಆರಿಸುತ್ತಿದ್ದಳು; ಅವನು ಎತ್ತಿ ಕೊಡುತ್ತಿದ್ದ. ಕಲ್ಲಿನ ಒಂದೊಂದು ಸಾಲೂ ಕೆಳಗಿನದಕ್ಕಿಂತ ಒಂದಿಷ್ಟು ಒಳಕ್ಕೆ ಬಾಗುತ್ತಾ ಗುಮ್ಮಟ ಮೇಲೇರಿತು.

"ಇದು ಸರಿ ಕೂತಿಲ್ಲ. ತೆಗಿ."

"ಅರ್ಧ ಗಂಟೆ ಒದ್ದಾಡಿ ಕೂರಿಸಿದೀನಿ ಮಾರಾಯ್ತಿ!"

"ಇನ್ನರ್ಧ ಗಂಟೆ ಒದ್ದಾಡು. ಅಲೋನಿಯವರಿಗೆ ಬೇರೆ ಕೆಲಸ ಏನಿದೆ?"

ಮಧ್ಯಾಹ್ನ ಗೋಡೆಯ ನೆರಳಲ್ಲಿ ಕೂತು, ಒಣ ಬಾರ್ಲಿ ರೊಟ್ಟಿಯನ್ನು ನೀರಲ್ಲಿ ಅದ್ದಿ, ಕುರಿ ಹಾಲಿನ ಚೀಸ್ ಜೊತೆ ತಿನ್ನುತ್ತಿದ್ದರು. ತನ್ನೂರಿನ ಚೀಸೇ ಮೇಲು ಅಂತ ಇಬ್ಬರಿಗೂ ಹಟ. ಹಾಗಂದುಕೊಂಡೇ ಒಬ್ಬರದನ್ನೊಬ್ಬರು ಖಾಲಿ ಮಾಡುತ್ತಿದ್ದರು.

ಒಮ್ಮೆ ಅವಳ ಬೆರಳು ಕಲ್ಲಿಗೆ ಸಿಕ್ಕಿ ರಕ್ತ ಬಂತು. ಸಿಫಿಸ್ ತಲೆಗೆ ಸುತ್ತಿದ್ದ ಕಪ್ಪು ವಸ್ತ್ರ ಬಿಚ್ಚಿ, ಬೆರಳಿಗೆ ಕಟ್ಟಿದ. ಕಟ್ಟಿ ಮುಗಿದ ಮೇಲೂ ಕೈ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ...

'ಇವನು ನಾಳೆ ಬರದಿದ್ದರೆ?' ಅವತ್ತು ಇಳಿಯುವಾಗ ಹಾಗನ್ನಿಸಿ ಅವಳು ತಿರುಗಿ ಶಿಖರದ ಕಡೆ ನೋಡಿದಳು. 'ಅಯ್ಯೋ ಅರ್ಗಿರೋ... ಅಲೋನಿಯವನ ಮೇಲೆ ಮನಸ್ಸಿಟ್ಟೆಯಾ!'

ಹಬ್ಬ ಹತ್ತಿರ ಬಂತು. ಗುಮ್ಮಟದ ನೆತ್ತಿಯಲ್ಲಿ ಒಂದು ಕಲ್ಲಿನಷ್ಟು ಆಕಾಶ ಮಾತ್ರ ಉಳಿದಿತ್ತು. ಆಗ ಅವಳ ಚಿಕ್ಕಪ್ಪನ ಮಗ ಲೆಫ್ತೆರಿಸ್ ಅಲೋನಿಗೆ ಕುರಿ ಕೊಳ್ಳಲು ಹೋಗಿ, ಮುಖ ಊದಿಸಿಕೊಂಡು ಬಂದ.

"ಗೊತ್ತೇನೇ? ಅಲ್ಲಿಯ ಕಾಫಿ ಅಂಗಡೀಲಿ ಸಿಫಿಸ್‌ನ ದೊಡ್ಡಪ್ಪ ಮನೂಸೊಸ್ ಏನಂದ ಅಂತ? 'ಗುಮ್ಮಟ ಕಟ್ಟಿದ್ದು ನಮ್ಮ ಹುಡುಗ. ಆ ಕೊಸ್ಮಾಸ್ ಮಗಳು ನೀರು ಹೊತ್ತಳು' ಅಂದ. ಎಲ್ಲರೂ ಬಿದ್ದುಬಿದ್ದು ನಕ್ಕರು!"

ಅರ್ಗಿರೋ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಸಿಫಿಸ್?"

"ಅಲ್ಲೇ ಕೂತಿದ್ದ. ತುಟಿ ಬಿಚ್ಚಲಿಲ್ಲ."

ಮರುದಿನ ಅವಳು ಶಿಖರ ಹತ್ತಿದ್ದು ಒಂದೇ ಪ್ರಶ್ನೆ ಕೇಳಲು.

"ಆ ಮಾತು ಬಂದಾಗ ನೀನಲ್ಲಿದ್ದೆಯಾ?"

"ಇದ್ದೆ... ಅರ್ಗಿರೋ, ಸ್ವಲ್ಪ ಕೇಳು..."

"ಏನಾದರೂ ಅಂದೆಯಾ?"

"ಇಲ್ಲ. ಆದರೆ..."

"ಸಾಕು!"

ಅಪ್ಪ ಇಲ್ಲದ ತನ್ನನ್ನು ಸಾಕಿ ಬೆಳೆಸಿದ್ದು ದೊಡ್ಡಪ್ಪ ಅಂತ ಅವನು ಹೇಳಬಹುದಿತ್ತು. ತನ್ನ ಮನಸ್ಸಲ್ಲಿ ಬೇರೆಯೇ ಯೋಚನೆ ಇದೆ ಅಂತಲೂ ಹೇಳಬಹುದಿತ್ತು. ಆದರೆ ಪೂರ್ತಿ ಕೇಳದೆ ಬೆನ್ನು ತಿರುಗಿಸಿದವಳ ಹಿಂದೆ ಓಡಲು ಅವನ ಹಮ್ಮೂ ಬಿಡಲಿಲ್ಲ.

ಅವಳು ದಾರಿಯುದ್ದಕ್ಕೂ ಅಳಲಿಲ್ಲ. ಮನೆ ಹಿಂದಿನ ಆಲಿವ್ ಮರದ ಬುಡಕ್ಕೆ ಬಂದ ಮೇಲೆ ತಡೆಯಲಾಗಲಿಲ್ಲ.

ಕೊಸ್ಮಾಸ್ ಕೋಲೂರಿಕೊಂಡು ಬಂದರು. "ಕೆಲಸ ಮುಗೀತಾ ಮಗಳೇ?"

"ನೆತ್ತಿಗಲ್ಲು ಬಾಕಿ ಇದೆ ಅಪ್ಪ. ನಾನು ಹೋಗಲ್ಲ. ಅವನೇ ಇಟ್ಕೊಳ್ಳಲಿ, ಅವನ ಹೆಸರೇ ಆಗಲಿ!"

"ಮುಗಿಸದೆ ಇಳಿದು ಬಂದ ಕೆಲಸ ನಮ್ಮ ಮನೇಲಿ ಇಲ್ಲಮ್ಮ. ಅವನ ಮೇಲಿನ ಸಿಟ್ಟು ಬೇರೆ, ಗುಡಿ ಬೇರೆ." ಅವಳ ತಲೆ ಸವರಿದರು. "ಹೇಸರಗತ್ತೆಗೆ ಜೀನು ಹಾಕು. ಈ ಸಲ ಹಬ್ಬಕ್ಕೆ ನಾನೂ ಬರ್ತೀನಿ."

"ಅಪ್ಪ! ನಿಮ್ಮ ಸೊಂಟ..."

"ನೋವಾದ್ರೆ ನನಗಾಗುತ್ತೆ, ಹೇಸರಗತ್ತೆಗಲ್ಲ."

ಹಬ್ಬದ ಮುನ್ನಾದಿನ ಪೆತ್ರೊಖೋರಿಯವರೆಲ್ಲ ಶಿಖರ ಹತ್ತಿದರು. ತುದಿ ತಲುಪಿದಾಗ ಇಳಿಬಿಸಿಲು. ಅಲೋನಿಯ ಗಂಡಸರು ಆಗಲೇ ಗುಡಿಯ ಸುತ್ತ ನೆರೆದಿದ್ದರು.

ಅರ್ಗಿರೋ ತಲೆಯೆತ್ತಿ ನೋಡಿದಳು. ಗುಮ್ಮಟದ ನೆತ್ತಿ ಇನ್ನೂ ತೆರೆದೇ ಇತ್ತು!

ಏಣಿಯ ಬುಡದಲ್ಲಿ ಸಿಫಿಸ್ ಕೈಕಟ್ಟಿ ನಿಂತಿದ್ದ.

"ಬಂದೆಯಾ ತಾಯಿ!" ಬಿಳಿ ಮೀಸೆಯ ಮನೂಸೊಸ್ ಗೊಣಗಿದ. "ಬೆಳಗ್ಗೆಯಿಂದ ಹೇಳ್ತಿದೀವಿ, ಎಲ್ಲ ಸೇರಿ ಆ ಕಲ್ಲು ಇಟ್ಟುಬಿಡೋಣ ಅಂತ. ಈ ಹುಡುಗ ಯಾರನ್ನೂ ಏಣಿ ಮುಟ್ಟೋಕೆ ಬಿಡ್ತಿಲ್ಲ. 'ಮೇಸ್ತ್ರಿ ಬರಲಿ' ಅಂತಾನೆ. ಸಾಕಿದ ದೊಡ್ಡಪ್ಪನಿಗೇ ಅಡ್ಡ ನಿಂತಿದಾನೆ!"

ಅರ್ಗಿರೋ ಸಿಫಿಸ್‌ನ ಕಡೆ ನೋಡಿದಳು.

ಸಿಫಿಸ್ ಎಲ್ಲರಿಗೂ ಕೇಳುವಂತೆ ದನಿ ಎತ್ತಿದ. "ಕಾಫಿ ಅಂಗಡೀಲಿ ನಾನು ಸುಮ್ಮನಿದ್ದೆ. ಅಲ್ಲಿ ಹೇಳಿದ್ರೆ ನೀವು ಇನ್ನೂ ಜೋರಾಗಿ ನಗ್ತಿದ್ರಿ. ಈಗ ಈ ಗೋಡೆ ನೋಡಿ. ಒಂದೊಂದು ಕಲ್ಲನ್ನೂ ಆರಿಸಿ ಕೂರಿಸಿದ್ದು ಇವಳು. ನಾನು ಎತ್ತಿಕೊಟ್ಟೆ. ಇವಳ ಕೈಕೆಳಗೆ ಕೆಲಸ ಮಾಡಿದೀನಿ ಅನ್ನೋಕೆ ನನಗೆ ಹೆಮ್ಮೆ! ಈಗ ನಗೋರು ನಗಬಹುದು."

ಯಾರೂ ನಗಲಿಲ್ಲ.

ಆಮೇಲೆ ಅವನು ಅವಳ ಕಡೆ ತಿರುಗಿ, ದನಿ ತಗ್ಗಿಸಿದ. "ಅವತ್ತೇ ಹೇಳಬೇಕಿತ್ತು. ನೀನು ಎಷ್ಟು ನೊಂದೆ ಅಂತ ಯೋಚಿಸಲಿಲ್ಲ. ತಪ್ಪಾಯ್ತು."

"ನಾನೂ ಪೂರ್ತಿ ಕೇಳಬೇಕಿತ್ತು..." ಕಣ್ಣು ತುಂಬಿತು. ಅಷ್ಟು ಜನರೆದುರು ಅಳಲು ಮನಸ್ಸಾಗದೆ ಅಂಗಿಯ ತೋಳಲ್ಲೇ ಮುಖ ಒರೆಸಿಕೊಂಡಳು. "ಏನು ನೋಡ್ತಿದೀಯ? ಹಗ್ಗ ತಗೋ. ಹೊತ್ತು ಮುಳುಗುತ್ತೆ!"

ಎರಡೂ ಊರಿನವರು ಹಗ್ಗ ಎಳೆದು ನೆತ್ತಿಗಲ್ಲನ್ನು ಮೇಲೇರಿಸಿದರು. ಮೇಲೆ ಇಬ್ಬರೇ ಅತ್ತಿತ್ತ ಮಂಡಿಯೂರಿ ಕಲ್ಲನ್ನು ಹಿಡಿದು, ಇಂಚಿಂಚೇ ಸರಿಸಿದರು.

"ನಿನ್ನ ಕಡೆ ಸ್ವಲ್ಪ... ಇನ್ನೂ ಸ್ವಲ್ಪ... ಬಿಡು!"

ಧಡ್ ಅಂತ ಕಲ್ಲು ಕೂತಿತು. ಕೆಳಗಿನಿಂದ ಎದ್ದ ಕೇಕೆ ಎರಡೂ ಕಣಿವೆಗೆ ಕೇಳಿಸಿರಬೇಕು.

ಕೊಸ್ಮಾಸ್ ಹೇಸರಗತ್ತೆಯಿಂದ ಇಳಿದು ಗುಡಿಯೊಳಗೆ ಹೋದರು. ಗೋಡೆಗೆ ಅಂಗೈ ಒತ್ತಿ, ಕಣ್ಮುಚ್ಚಿ ಒಂದು ಸುತ್ತು ಬಂದರು. ಹೊರಬಂದಾಗ ಗಡ್ಡ ಒದ್ದೆಯಾಗಿತ್ತು.

"ಮನೂಸೊಸ್," ಅಂದರು, "ಇನ್ನು ಮೇಲೆ ಯಾರಾದರೂ ಮೇಸ್ತ್ರಿ ಕೊಸ್ಮಾಸ್ ಯಾರು ಅಂತ ಕೇಳಿದ್ರೆ, ಮೇಸ್ತ್ರಿ ಅರ್ಗಿರೋಳ ಅಪ್ಪ ಅಂತ ಹೇಳು."

ಮುದುಕ ತನ್ನ ಸೀಸೆಯಿಂದ ದ್ರಾಕ್ಷಿ ಸಾರಾಯಿ ರಾಕಿಯನ್ನು ಪುಟ್ಟ ಗ್ಲಾಸಿಗೆ ಬಗ್ಗಿಸಿದ. ಅರ್ಗಿರೋ ಮುಂದೆ ಟೋಪಿ ತೆಗೆದು, ಮೊದಲ ಗುಟುಕನ್ನು ಅವಳಿಗೇ ಕೊಟ್ಟ.

ಪಾದ್ರಿ ಸಂಜೆಯ ಪ್ರಾರ್ಥನೆ ಶುರು ಮಾಡಿದಾಗ ಅವರಿಬ್ಬರೂ ಗುಡಿಯ ಹಿಂದಿನ ಬಂಡೆಯ ಬಳಿ ನಿಂತಿದ್ದರು. ಅತ್ತ ಒಂದು ಸಮುದ್ರ, ಇತ್ತ ಒಂದು ಸಮುದ್ರ. ಎರಡರ ಮೇಲೂ ಒಂದೇ ಕೆಂಪು.

"ಅರ್ಗಿರೋ... ನನ್ನನ್ನ ಮದುವೆ ಆಗ್ತೀಯಾ?"

"ಬೇಸಿಗೆಯೆಲ್ಲ ಎದುರಿಗೇ ಕೂತಿದ್ದೆ. ಆಗ ಬಾಯಿರಲಿಲ್ವಾ?"

"ಬಾಯಲ್ಲಿ ನಿಮ್ಮೂರ ಚೀಸ್ ಇತ್ತು."

ಅವಳು ನಕ್ಕುಬಿಟ್ಟಳು. ಆಮೇಲೆ ಮೆಲ್ಲಗೆ, "ನಮ್ಮಪ್ಪನ್ನ ಬಿಟ್ಟು ಬರೋಕಾಗಲ್ಲ ಸಿಫಿಸ್," ಎಂದಳು.

"ನಾನೇ ಬರ್ತೀನಿ."

"ಹೆಂಡತಿ ಮನೆ ಸೇರಿದ ಅಂತ ನಿಮ್ಮೂರು ಆಡಿಕೊಳ್ಳುತ್ತೆ."

"ಆಡಿಕೊಳ್ಳಲಿ. ಯಾರ ಮನೆ ಸೇರಿದೆ ಅಂತ ನನಗೆ ಗೊತ್ತಲ್ಲ!"

ಅವಳು ಅವನ ಒರಟು ಅಂಗೈಯನ್ನು ತನ್ನ ಒರಟು ಅಂಗೈಯಲ್ಲಿ ಹಿಡಿದಳು. "ನಾಳೆ ನಿನ್ನ ದಾರೀಲೇ ಇಳಿಯೋಣ. ನಿಮ್ಮಮ್ಮನ್ನ ನೋಡಬೇಕು. ತಲೆ ತಗ್ಗಿಸಿ ನಡೆಯೋದು ಮಾತ್ರ ನನಗೆ ಬರಲ್ಲ, ಈಗಲೇ ಹೇಳಿದೀನಿ."

"ತಲೆ ಎತ್ತಿಕೊಂಡೇ ಬಾ. ಅಮ್ಮನಿಗೆ ಅದೇ ಇಷ್ಟ ಆಗೋದು."

"ನಿನಗೆ? ನಿನಗೆ ನನ್ನಲ್ಲಿ ಏನಿಷ್ಟ?"

ಸಿಫಿಸ್ ಬಂಡೆಯ ಮೇಲೆ ಕೂತು ತನ್ನ ಪಕ್ಕದಲ್ಲಿ ಜಾಗ ಮಾಡಿದ.

"ಕೂತ್ಕೋ... ಹೇಳ್ತೀನಿ."

ಅವಳು ಕೂತಳು.